ಬಾತ್ಮೀದಾರರ ಪಾಡು

1992ರ ಆಗಸ್ಟ್ 14. ಸ್ವಾತಂತ್ರ್ಯ ದಿನಾಚರಣೆಗೆ ಸಜ್ಜಾಗುತ್ತಿದ್ದ ಮೈಸೂರು ಜಿಲ್ಲೆಗೆ ಕೊಳ್ಳೇಗಾಲದ ಕಾಡಿನಿಂದ ಸಾವಿನ ಸುದ್ದಿ ಬಂದಿತು. ಮಿಣ್ಯಂ ಬಳಿ ಹೊಂಚು ಹಾಕಿ ಕುಳಿತಿದ್ದ ವೀರಪ್ಪನ್ ತಂಡ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಟಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಹಾಗೂ ಜೊತೆಗಿದ್ದ ಪೇದೆಗಳನ್ನು ಗುಂಡಿಟ್ಟು ಕೊಂದಿತ್ತು. ಕೊಳ್ಳೇಗಾಲ ತಾಲ್ಲೂಕು ಆಗಿನ್ನೂ ಮೈಸೂರು ಜಿಲ್ಲೆಯಲ್ಲೇ ಇತ್ತು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಹೀಗಾಗಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಜನ ಕಳೆದುಕೊಂಡದ್ದು ತಮ್ಮದೇ ಜಿಲ್ಲೆಯ ಅಧಿಕಾರಿಯನ್ನು.

ಅವರನ್ನು ಅಲ್ಲಿಗೆ ಕರೆದೊಯ್ದದ್ದು ಒಂದು ಸುಳಿವು. ಅದನ್ನು ತಂದವನು ಪೊಲೀಸರು ನಂಬಿದ್ದ ಬಾತ್ಮೀದಾರ. ಅದೇ ವರ್ಷದ ಆರಂಭದಲ್ಲಿ ತನ್ನ ಆಪ್ತ ಗುರುನಾಥನ್ ಪೊಲೀಸರ ಗುಂಡಿಗೆ ಬಲಿಯಾದುದರ ಸೇಡು ವೀರಪ್ಪನ್ ಮನಸ್ಸಿನಲ್ಲಿತ್ತು. ಪೊಲೀಸರ ಕಿವಿಯಾಗಿದ್ದವನನ್ನೇ ಆತ ಪೊಲೀಸರಿಗೆ ಬಲೆಯಾಗಿ ಮಾಡಿಕೊಂಡ.

ನಂಬಿಕೆಯನ್ನೇ ಗಾಳವಾಗಿಸುವ ಈ ತಂತ್ರ ಹೊಸದಾಗಿರಲಿಲ್ಲ. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಹತರಾದುದೂ ಹೀಗೆಯೇ. ಗೋಪಿನಾಥಂ ಜನರ ಕಷ್ಟಸುಖ ವಿಚಾರಿಸಿ ಅವರ ಪ್ರೀತಿ ಗಳಿಸಿದ್ದ ಶ್ರೀನಿವಾಸ್, ವೀರಪ್ಪನ್ ಶರಣಾಗುತ್ತಾನೆಂದು ಅವನ ತಮ್ಮ ಅರ್ಜುನನ್ ಹೇಳಿದ ಮಾತನ್ನು ನಂಬಿ ಆಯುಧವಿಲ್ಲದೆ ಕಾಡಿಗೆ ಹೋಗಿದ್ದರು.

ಅಧಿಕಾರಿಗಳ ಸಾವು ದೊಡ್ಡ ಸುದ್ದಿಯಾಯಿತು. ಸುಳಿವು ಕೊಟ್ಟರೆಂಬ ಶಂಕೆಯ ಮೇಲೆ ಸತ್ತ ಹಳ್ಳಿಗರ ಹೆಸರು ಹೆಚ್ಚಿನವರಿಗೆ ಇಂದಿಗೂ ತಿಳಿಯದು. ದಂತ ಮತ್ತು ಶ್ರೀಗಂಧದ ಕಳ್ಳಸಾಗಣೆ ನಡೆಸುವ ತಂಡಕ್ಕೆ ಊರಿನ ಆಸರೆ ಬೇಕೇ ಬೇಕು. ಅಕ್ಕಿ, ಬೇಳೆ ಬರುವುದು ಊರಿನಿಂದ. ಪೊಲೀಸ್ ಜೀಪು ಬಂತೆಂಬ ಸುದ್ದಿ ಬರುವುದೂ ಅಲ್ಲಿಂದಲೇ. ಹಣ ಹಂಚಿ, ಬಂಧುತ್ವ ಹೇಳಿ ಆ ಆಸರೆ ಗಳಿಸುತ್ತಿದ್ದ ವೀರಪ್ಪನ್, ಅದು ಕೈಬಿಟ್ಟೀತೆಂದು ಅನಿಸಿದಾಗ ಕೊಲ್ಲುತ್ತಿದ್ದ. ಸಾಕ್ಷಿ, ಪುರಾವೆಗಳ ಗೊಡವೆ ಅಲ್ಲಿರಲಿಲ್ಲ.

ಕಾನೂನು ಬಾತ್ಮೀದಾರನಿಗೆ ಒಂದು ಮರೆಯನ್ನೇನೋ ಒದಗಿಸಿತ್ತು. ಸುಳಿವು ಯಾರಿಂದ ಬಂತೆಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ ಎನ್ನುತ್ತಿತ್ತು 1872ರ ಸಾಕ್ಷ್ಯ ಅಧಿನಿಯಮದ 125ನೇ ಕಲಮು. ಆದರೆ ಆ ಮರೆ ನ್ಯಾಯಾಲಯದೊಳಗಿನದು. ನಲವತ್ತು ಮನೆಗಳ ಊರಿನಲ್ಲಿ ಯಾರು ಠಾಣೆಯ ಮುಂದೆ ಬಸ್ಸಿಳಿದರು, ಯಾರ ಕೈಯಲ್ಲಿ ಹೊಸದಾಗಿ ಕಾಸು ಓಡಾಡುತ್ತಿದೆ ಎಂಬುದನ್ನು ಯಾವ ಕಲಮೂ ಮುಚ್ಚಿಡಲಾರದು.

1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಪಾಲಾರ್ ಬಳಿ ಆ ಮರೆಯೂ ಉಳಿಯಲಿಲ್ಲ. ತಮಿಳುನಾಡು ಪೊಲೀಸ್ ಅಧಿಕಾರಿ ಗೋಪಾಲಕೃಷ್ಣನ್ ಅವರ ತಂಡ ಬಾತ್ಮೀದಾರರನ್ನು ಜೊತೆಯಲ್ಲೇ ಕೂರಿಸಿಕೊಂಡು ಹೊರಟಿತ್ತು. ರಸ್ತೆಯಲ್ಲಿ ಹುದುಗಿಸಿದ್ದ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಪೊಲೀಸರು ಮತ್ತು ಅರಣ್ಯ ಕಾವಲುಗಾರರಿಗಿಂತ ಬಾತ್ಮೀದಾರರ ಸಂಖ್ಯೆಯೇ ಅವರಲ್ಲಿ ಹೆಚ್ಚಾಗಿತ್ತು.

ಇದೇ ವರ್ಷಗಳಲ್ಲಿ ದೂರದ ಸಿಸಿಲಿಯ ಮಾಫಿಯಾ ಕೂಡ ಬಾಯಿಬಿಟ್ಟವರ ಮೇಲೆ ಮುಗಿಬಿದ್ದಿತ್ತು. 1993ರಲ್ಲಿ ಸರ್ಕಾರದ ಸಾಕ್ಷಿಯಾಗಿ ಮಾರ್ಪಟ್ಟ ಒಬ್ಬ ಸದಸ್ಯನ ಬಾಲಕ ಮಗನನ್ನು ಅಪಹರಿಸಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಕೂಡಿಹಾಕಿ, 1996ರಲ್ಲಿ ಕೊಲ್ಲಲಾಯಿತು. ಕ್ರೌರ್ಯ ಎರಡೂ ಕಡೆ ಒಂದೇ. ಆದರೆ ಅಲ್ಲಿ ಬಾಯಿಬಿಟ್ಟವನು ತಂಡದೊಳಗಿನವನು, ಮೌನದ ಪ್ರತಿಜ್ಞೆ ಮಾಡಿದ್ದವನು. ಬೆಟ್ಟದ ಸೀಮೆಯ ಬೇಸಾಯಗಾರನಾಗಲಿ, ಕುರಿ ಕಾಯುವವನಾಗಲಿ ಯಾವ ಪ್ರತಿಜ್ಞೆಯನ್ನೂ ಮಾಡಿರಲಿಲ್ಲ. ಆತ ಮುರಿಯಲು ಮಾತೇ ಇರಲಿಲ್ಲ.

ಶಂಕೆ ಕಾಡಿನವರದಷ್ಟೇ ಆಗಿದ್ದರೆ ಹಳ್ಳಿಗ ಪೊಲೀಸರ ಬೆನ್ನಿಗೆ ಬೀಳಬಹುದಿತ್ತು. ಆದರೆ ವೀರಪ್ಪನ್‌ಗೆ ಅನ್ನ ಹಾಕಿದವನೆಂಬ ಗುಮಾನಿಯ ಮೇಲೆ ವಿಶೇಷ ಕಾರ್ಯಪಡೆಯವರೂ ಅದೇ ಹಳ್ಳಿಗರನ್ನು ಹಿಡಿದೊಯ್ದರು. ಚಿತ್ರಹಿಂಸೆಯ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯನ್ನು ನೇಮಿಸಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ನೀಡುವಂತೆ ಆಯೋಗ ಹೇಳಿತು. ಟಾಡಾ ಕಾಯಿದೆಯಡಿ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿದ್ದವರ ಪೈಕಿ ಬಹುಪಾಲು ಮಂದಿ 2001ರಲ್ಲಿ ಖುಲಾಸೆಯಾದರು. ಅತ್ತ ದರಿ, ಇತ್ತ ಪುಲಿ ಎಂಬ ಮಾತು ಆ ಊರುಗಳ ಮಟ್ಟಿಗೆ ಬರಿಯ ಗಾದೆಯಾಗಿರಲಿಲ್ಲ.

ಸತ್ತ ಅಧಿಕಾರಿಗಳ ಮನೆಯವರ ನೋವೂ ಸಣ್ಣದಲ್ಲ. 2000ದಲ್ಲಿ ವರನಟ ರಾಜ್‌ಕುಮಾರ್ ಅವರನ್ನು ಒತ್ತೆಯಿಟ್ಟುಕೊಂಡ ವೀರಪ್ಪನ್, ಟಾಡಾ ಬಂದಿಗಳ ಬಿಡುಗಡೆಗೆ ಬೇಡಿಕೆಯಿಟ್ಟ. ಸರ್ಕಾರ ಮೊಕದ್ದಮೆ ಹಿಂತೆಗೆದುಕೊಳ್ಳಲು ಮುಂದಾದಾಗ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ ಅದನ್ನು ತಡೆದವರು ಶಕೀಲ್ ಅಹಮದ್ ಅವರ ವೃದ್ಧ ತಂದೆ ಅಬ್ದುಲ್ ಕರೀಂ.

ಶಂಕೆಯನ್ನೇ ಕೋಟೆಯಾಗಿ ಕಟ್ಟಿಕೊಂಡವನನ್ನು ಕೊನೆಗೆ ಉರುಳಿಸಿದ್ದು ನಂಬಿಕೆ. ಕಣ್ಣಿನ ತೊಂದರೆಗೆ ಚಿಕಿತ್ಸೆ ಬೇಕಾಗಿದ್ದ ವೀರಪ್ಪನ್ 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯಲ್ಲಿ ಒಂದು ಆಂಬ್ಯುಲೆನ್ಸ್ ಹತ್ತಿದ. ಅದನ್ನು ಓಡಿಸುತ್ತಿದ್ದವನು ಪೊಲೀಸರ ಕಡೆಯವನೇ. ಪಾಪಾರಪಟ್ಟಿ ಬಳಿ ಕಾದಿದ್ದ ತಮಿಳುನಾಡು ಕಾರ್ಯಪಡೆಯ ಗುಂಡಿಗೆ ಆತ ಮೂವರು ಸಂಗಡಿಗರೊಂದಿಗೆ ಬಲಿಯಾದ.

ಸಾಕ್ಷಿಗಳ ರಕ್ಷಣೆಗೆ ದೇಶಕ್ಕೆಲ್ಲ ಅನ್ವಯಿಸುವ ಯೋಜನೆಗೆ ಸುಪ್ರೀಂ ಕೋರ್ಟು ಒಪ್ಪಿಗೆ ನೀಡಿದ್ದು 2018ರ ಡಿಸೆಂಬರಿನಲ್ಲಿ. ಅದೂ ನ್ಯಾಯಾಲಯದಲ್ಲಿ ನುಡಿಯುವ ಸಾಕ್ಷಿಗಾಗಿ. ಠಾಣೆಗೆ ಸುಳಿವು ಕೊಟ್ಟು, ಕತ್ತಲಾಗುವ ಮುನ್ನ ಅದೇ ಊರಿಗೆ, ಅದೇ ಮನೆಗೆ ಮರಳಬೇಕಾದವನಿಗೆ ಆಗಲೂ ಈಗಲೂ ಇರುವ ರಕ್ಷಣೆ ಒಂದೇ: ನೆರೆಹೊರೆಯವರ ಮೌನ.