ಮೊಬೈಲ್ ಜಾಲ ಮತ್ತು ವೈಫೈಗಳ ಸಂಯೋಗ

ಮೊಬೈಲ್ ಫೋನಿಗೆ ಅಂತರ್ಜಾಲವನ್ನು ಸೇರಲು ಎರಡು ಮಾರ್ಗಗಳುಂಟು: ದೂರದ ಗೋಪುರವನ್ನು ಮುಟ್ಟುವ ಮೊಬೈಲ್ ಜಾಲವೊಂದು, ಸಮೀಪದ ವೈಫೈ ಮತ್ತೊಂದು. ಹೀಗಿದ್ದರೂ ಬಹುಕಾಲ ಒಂದು ಸಮಯಕ್ಕೆ ಒಂದು ಮಾರ್ಗವೇ ಬಳಕೆಯಲ್ಲಿದ್ದಿತು. ಫೋನು ಹಾಟ್‌ಸ್ಪಾಟಾಗಿ ನಿಂತು ಇತರ ಯಂತ್ರಗಳಿಗೆ ಸಂಪರ್ಕವನ್ನು ಹಂಚುವಾಗಲೂ ಇದೇ ಸ್ಥಿತಿ. ಎರಡನ್ನೂ ಕೂಡಿಸಿದರೆ ವೇಗವೂ ಸ್ಥೈರ್ಯವೂ ಹೆಚ್ಚುವುವೆಂಬುದು ಸುಲಭವಾಗಿ ಹೊಳೆಯುವ ಮಾತು. ಅದು ಕೈಗೂಡಲು ತಡವಾದುದಕ್ಕೆ ಮುಖ್ಯ ಕಾರಣವು ಸಂಪರ್ಕಕ್ಕೆ ಹೆಸರಿಡುವ ಕ್ರಮದಲ್ಲಿ ಅಡಗಿದ್ದಿತು.

ಅಂತರ್ಜಾಲಕ್ಕೆ ಆಧಾರವಾದ ಟಿ.ಸಿ.ಪಿ. ಎಂಬ ನಿಯಮಾವಳಿಗೆ ವಿಂಟನ್ ಸರ್ಫ್, ರಾಬರ್ಟ್ ಕಾನ್ ಎಂಬವರು ೧೯೭೪ರಲ್ಲಿ ಪ್ರಕಟಿಸಿದ ಪ್ರಬಂಧವೇ ಮೂಲ. ೧೯೮೧ರ ನಿರೂಪಣೆಯ ಪ್ರಕಾರ ಎರಡು ತುದಿಗಳ ವಿಳಾಸಗಳೂ ಪೋರ್ಟ್ ಸಂಖ್ಯೆಗಳೂ ಸೇರಿ ಸಂಪರ್ಕದ ಗುರುತಾಗುತ್ತವೆ. ಯಂತ್ರಗಳು ಒಂದೆಡೆ ನೆಲೆನಿಂತಿದ್ದ ಕಾಲಕ್ಕೆ ಇದು ಸಾಕಾಗಿದ್ದಿತು. ಆದರೆ ಫೋನಿಗೆ ಮೊಬೈಲ್ ಜಾಲದಲ್ಲಿ ಒಂದು ವಿಳಾಸ, ವೈಫೈಯಲ್ಲಿ ಬೇರೊಂದು. ವಿಳಾಸವು ಬದಲಾದೊಡನೆ ಸಂಪರ್ಕವೂ ಕಡಿಯುವುದು. ದಾರಿಯ ಹೆಸರನ್ನೇ ದಾರಿಗನಿಗೂ ಇಟ್ಟಂತೆ ಆಗಿದ್ದಿತು.

ಇದರ ಪರಿಹಾರಕ್ಕಾಗಿ ೨೦೦೯ರಲ್ಲಿ ಅಂತರ್ಜಾಲದ ನಿಯಮಗಳನ್ನು ರೂಪಿಸುವ ಐ.ಇ.ಟಿ.ಎಫ್. ಮಂಡಲಿಯಲ್ಲಿ ಒಂದು ಸಮಿತಿ ಏರ್ಪಟ್ಟಿತು. ಅಲನ್ ಫೋರ್ಡ್, ಕಾಸ್ಟಿನ್ ರೈಚು, ಮಾರ್ಕ್ ಹ್ಯಾಂಡ್ಲಿ, ಒಲಿವಿಯೇ ಬೊನಾವಂತ್ಯೂರ್ ಇವರು ನಿರೂಪಿಸಿದ ‘ಮಲ್ಟಿಪಾತ್ ಟಿ.ಸಿ.ಪಿ.’ ೨೦೧೩ರ ಜನವರಿಯಲ್ಲಿ ಪ್ರಯೋಗಾರ್ಥವಾಗಿ ಪ್ರಕಟವಾಯಿತು. ಇದರಲ್ಲಿ ಸಂಪರ್ಕಕ್ಕೆ ಮಾರ್ಗವನ್ನು ಅವಲಂಬಿಸದ ಸ್ವಂತ ಗುರುತುಂಟು. ಒಂದೊಂದು ಮಾರ್ಗವೂ ಅದರ ಉಪಪ್ರವಾಹ. ಉಪಪ್ರವಾಹಕ್ಕೆ ಒಂದು ಕ್ರಮಸಂಖ್ಯೆ, ಸಮಗ್ರ ಸಂದೇಶಕ್ಕೆ ಮತ್ತೊಂದು. ನಡುದಾರಿಯ ಕಾವಲು ಯಂತ್ರಗಳು ಅಪರಿಚಿತ ಗುರುತುಗಳನ್ನು ಅಳಿಸುವ ಸಂಭವವಿರುವುದರಿಂದ ಪ್ರತಿ ಉಪಪ್ರವಾಹವೂ ಹಳೆಯ ಟಿ.ಸಿ.ಪಿ.ಯ ವೇಷದಲ್ಲಿಯೇ ಸಂಚರಿಸುತ್ತದೆ. ಆರಂಭದಲ್ಲಿಯೇ ಗುರುತು ಅಳಿದರೆ ಸಂಪರ್ಕವು ಹಳೆಯ ಕ್ರಮಕ್ಕೆ ಮರಳುತ್ತದೆ.

ಎರಡು ಮಾರ್ಗಗಳನ್ನು ಹಿಡಿದವನು ಇತರರ ಪಾಲನ್ನು ಕಸಿಯನೇ ಎಂಬ ಶಂಕೆ ಸಹಜವಾದುದು. ೨೦೧೧ರ ನಿಯಮವೊಂದು ಇದಕ್ಕೆ ಸಮಾಧಾನವನ್ನು ಹೇಳಿದ್ದಿತು: ಕೂಡಿದ ಸಂಪರ್ಕವು ಅತ್ಯುತ್ತಮವಾದ ಒಂಟಿ ಮಾರ್ಗಕ್ಕಿಂತ ಕಡಿಮೆ ಪಡೆಯಬಾರದು, ಎರಡೂ ಮಾರ್ಗಗಳು ಒಂದೇ ಇಕ್ಕಟ್ಟಿನಲ್ಲಿ ಸೇರಿದಲ್ಲಿ ಒಂಟಿ ಸಂಪರ್ಕದ ಪಾಲಿಗಿಂತ ಹೆಚ್ಚನ್ನು ಕೊಳ್ಳಲೂಬಾರದು.

೨೦೧೩ರ ಸೆಪ್ಟೆಂಬರಿನಲ್ಲಿ ಆಪಲ್ ಸಂಸ್ಥೆಯು ಐ.ಓ.ಎಸ್. ೭ರಲ್ಲಿ ‘ಸಿರಿ’ ಎಂಬ ಧ್ವನಿಸೇವೆಗೆ ಈ ಕ್ರಮವನ್ನು ಅಳವಡಿಸಿತು. ಅಲ್ಲಿ ಉದ್ದೇಶವು ವೇಗಕ್ಕಿಂತ ಅವಿಚ್ಛಿನ್ನತೆ. ೨೦೧೫ರಲ್ಲಿ ದಕ್ಷಿಣ ಕೊರಿಯದ ಕೆ.ಟಿ. ಸಂಸ್ಥೆಯು ವೇಗಕ್ಕಾಗಿಯೇ ಎಲ್.ಟಿ.ಇ. ಮತ್ತು ವೈಫೈಗಳನ್ನು ಕೂಡಿಸಿತು. ದೂರದ ಸರ್ವರುಗಳು ಈ ಕ್ರಮವನ್ನು ಅರಿಯವಾದುದರಿಂದ ನಡುವೆ ಮಧ್ಯವರ್ತಿ ಯಂತ್ರವನ್ನಿರಿಸಿ ಅಲ್ಲಿ ಪ್ರವಾಹಗಳನ್ನು ಒಂದುಗೂಡಿಸಲಾಯಿತು. ಹಾಟ್‌ಸ್ಪಾಟಿಗೂ ಇದೇ ನ್ಯಾಯ ಸಲ್ಲುತ್ತದೆ. ಅದನ್ನು ಆಶ್ರಯಿಸಿದ ಯಂತ್ರಕ್ಕೆ ಕಾಣುವುದು ಒಂದೇ ಬಾಗಿಲು. ಸಂಯೋಗವು ಫೋನಿನಲ್ಲಿಯೂ ಮಧ್ಯವರ್ತಿಯಲ್ಲಿಯೂ ನಡೆಯತಕ್ಕದ್ದು. ೨೦೨೦ರ ಮಾರ್ಚಿಯಲ್ಲಿ ಪರಿಷ್ಕೃತ ನಿರೂಪಣೆ ಹೊರಬಂದಿತು. ಅದೇ ತಿಂಗಳಲ್ಲಿ ಲಿನಕ್ಸ್ ೫.೬ರಲ್ಲಿಯೂ ಇದಕ್ಕೆ ಸ್ಥಾನ ದೊರೆಯಿತು.

ಎರಡು ಮಾರ್ಗಗಳ ವೇಗದ ಮೊತ್ತವು ಸದಾ ದೊರೆವುದೆಂದು ಭಾವಿಸತಕ್ಕದ್ದಲ್ಲ. ನಿಧಾನಮಾರ್ಗದ ತುಣುಕು ತಡವಾದರೆ ಶೀಘ್ರಮಾರ್ಗದಲ್ಲಿ ಬಂದುವು ಅದಕ್ಕಾಗಿ ಕಾಯಬೇಕಾಗುವುದು. ಆದರೆ ಒಂದು ದಾರಿ ಮುಚ್ಚಿದರೂ ಮಾತು ನಿಲ್ಲದೆ ಸಾಗಬಹುದೆಂಬ ಲಾಭವು ಚಿಕ್ಕದಲ್ಲ. ಸಂಪರ್ಕದ ಗುರುತನ್ನು ವಿಳಾಸದಿಂದ ಬೇರ್ಪಡಿಸಿದುದರಿಂದಲೇ ಅದು ಲಭಿಸಿತು.