ಗೇಣಿ ಎಂಬ ಮಾತು ಎಲ್ಲಿ ಹೋಯಿತು?

ಪಹಣಿಯ 12ನೇ ಕಲಂ ನೋಡಿ. ಉಳುವವರ ಹೆಸರು, ಸಾಗುವಳಿ ರೀತಿ ಬರೆಯುವ ಜಾಗ ಅದು. ಯಾವ ಜಮೀನಿನ ಪಹಣಿ ತೆಗೆದರೂ ಅಲ್ಲಿ ಹೆಚ್ಚುಕಮ್ಮಿ ಒಂದೇ ಮಾತು: ‘ಸ್ವಂತ’. ಮಾಲೀಕ ಬೆಂಗಳೂರಿನಲ್ಲಿರಲಿ, ದುಬೈಯಲ್ಲಿರಲಿ, ಕಾಗದದ ಮೇಲೆ ಉಳುವವನು ಅವನೇ. ಗೇಣಿ ಎಂಬ ಮಾತು ಅಲ್ಲಿಂದ ಎದ್ದುಹೋಗಿ ಸುಮಾರು ಅರ್ಧ ಶತಮಾನವಾಯಿತು.

ಅದಕ್ಕೆ ಮೊದಲು ಕರಾವಳಿ, ಮಲೆನಾಡಿನ ಬದುಕು ಈ ಪದವನ್ನೇ ಸುತ್ತಿಕೊಂಡಿತ್ತು. ಮೂಲಗೇಣಿ ತಲೆಮಾರಿಗೂ ನಡೆಯುವ ಹಕ್ಕು. ಚಾಲಗೇಣಿ ಧಣಿಯ ಮರ್ಜಿ ಇರುವ ತನಕ. ಗೇಣಿಯನ್ನು ಕೊಡುವುದಲ್ಲ, ‘ಅಳೆಯುವುದು’. ಜಗಳವೂ ಆ ಅಳತೆಯಲ್ಲೇ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ರೈತರು ತಿರುಗಿಬಿದ್ದದ್ದು ಕೊಳಗಕ್ಕಾಗಿ: ಗೇಣಿ ಭತ್ತ ಅಳೆಸಿಕೊಳ್ಳುವ ಕೊಳಗ ಮಾಮೂಲಿಗಿಂತ ದೊಡ್ಡದೆಂದು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಸೋಷಲಿಸ್ಟ್ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಇದೇ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು ಸೋಷಲಿಸ್ಟ್ ಪಕ್ಷದಿಂದ ವಿಧಾನಸಭೆಗೆ ಹೋದರು. ಕೊಳಗದ ಲೆಕ್ಕ ಓಟಿನ ಲೆಕ್ಕವಾಯಿತು.

ಗೇಣಿಯನ್ನು ಮುಗಿಸಿದ್ದು ದೇವರಾಜ ಅರಸು. ಭೂಸುಧಾರಣಾ ಕಾಯ್ದೆಗೆ ಅವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವ ಜಮೀನು ತನ್ನದಾಗಬೇಕಾದರೆ ಗೇಣಿದಾರ ಫಾರಂ 7 ಹಾಕಬೇಕು; ಕರಾವಳಿಯವರ ಬಾಯಲ್ಲಿ ಅದು ‘ಡಿಕ್ಲರೇಶನ್’. ತೀರ್ಮಾನ ತಾಲ್ಲೂಕಿನ ಭೂನ್ಯಾಯಮಂಡಳಿಯದು: ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಉಳಿದವರು ಸರ್ಕಾರ ನೇಮಿಸಿದ ಸದಸ್ಯರು, ಮೊದಮೊದಲು ವಕೀಲರಿಗೆ ಪ್ರವೇಶವಿಲ್ಲ. ಧಣಿಯ ಚಾವಡಿಯಲ್ಲಿ ಕೂತು ಮಾತಾಡಿ ಗೊತ್ತಿಲ್ಲದವನು ಧಣಿಯ ಎದುರೇ ‘ಉಳುವವನು ನಾನು’ ಎನ್ನಬೇಕಿತ್ತು. ಹೆದರಿ ಅರ್ಜಿಯನ್ನೇ ಹಾಕದವರೂ ಇದ್ದರು. ಗಡುವು ಮುಂದೆ ಹೋಗುತ್ತ 1979ರ ಜೂನ್ 30ಕ್ಕೆ ಬಂದು ನಿಂತಿತು.

ಅರಸರ ಧೈರ್ಯ ದೊಡ್ಡದು, ಒಪ್ಪೋಣ. ಲೆಕ್ಕಾಚಾರವೂ ಸಣ್ಣದಲ್ಲ. ಹಳೆ ಮೈಸೂರಿನ ಬಯಲುಸೀಮೆಯಲ್ಲಿ ಗೇಣಿಯೇ ಕಡಿಮೆ, ಹಾಗಾಗಿ ಅಲ್ಲಿನ ಪ್ರಬಲ ಜಾತಿಗಳ ಶಾಸಕರಿಗೆ ಕಾಯ್ದೆ ಅಷ್ಟಾಗಿ ಚುಚ್ಚಲಿಲ್ಲ. ಚುಚ್ಚಿದ್ದು ಗೇಣಿ ದಟ್ಟವಾಗಿದ್ದ ಉಡುಪಿ, ಪುತ್ತೂರು, ಶಿರಸಿಯ ಕಡೆ. ಅಲ್ಲಿ ಒಕ್ಕಲುಗಳ ಓಟು ಜಾಸ್ತಿ, ಧಣಿಗಳ ಓಟು ಕಡಿಮೆ. ಇನ್ನು ಗೇಣಿಯೂ ಇಲ್ಲದ ಕೂಲಿಯವನಿಗೆ ಫಾರಂ 7ರಲ್ಲಿ ತುಂಬಲು ಏನೂ ಇರಲಿಲ್ಲ.

ಕಾಯ್ದೆಯ ಸೆಕ್ಷನ್ 5 ಸೈನಿಕ, ನಾವಿಕರಂಥವರನ್ನು ಬಿಟ್ಟು ಬೇರೆಯವರು ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ತಡೆಯುತ್ತದೆ. ಪದ ಹೋಯಿತು, ವ್ಯವಹಾರ ಹೋಗಲಿಲ್ಲ. ಉತ್ತರ ಕರ್ನಾಟಕದಲ್ಲಿ ಲಾವಣಿ. ಉಳಿದ ಕಡೆ ವಾರ, ಕೋರು, ಗುತ್ತಿಗೆ. ಕೇಳಿದರೆ ‘ಗೇಣಿ ಅಲ್ಲಪ್ಪ, ನೋಡ್ಕೊಳ್ಳೋಕೆ ಬಿಟ್ಟಿದೀವಿ’ ಅನ್ನುತ್ತಾರೆ. ಡಿಕ್ಲರೇಶನ್ ಹಾಕಿ ಗೆದ್ದವರ ಮೊಮ್ಮಕ್ಕಳ ಬಾಯಲ್ಲೂ ಇದೇ ಮಾತು! ಚೀಟಿ ಬರೆದುಕೊಡುವುದಿಲ್ಲ, ಇನ್ನೊಂದು ಫಾರಂ 7 ಬಂದರೆ ಎಂಬ ಭಯ. ಒಬ್ಬನ ಕೈಗೇ ವರ್ಷಗಟ್ಟಲೆ ಬಿಡದೆ ಆಳು ಬದಲಿಸುವ ಜಾಣರೂ ಇದ್ದಾರೆ. ಚೀಟಿ ಇಲ್ಲದವನಿಗೆ ಬೆಳೆಸಾಲ ದಕ್ಕುವುದು ಕಷ್ಟ. ಪಿಎಂ ಕಿಸಾನ್‌ನ ವರ್ಷದ 6000 ರೂಪಾಯಿ ಬೀಳುವುದೂ ಜಮೀನು ಯಾರ ಹೆಸರಲ್ಲಿದೆಯೋ ಅವರ ಖಾತೆಗೆ.

2020ರಲ್ಲಿ ಇದೇ ಕಾಯ್ದೆಯ ಸೆಕ್ಷನ್ 79ಎ, 79ಬಿ ತೆಗೆದು ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿ ಮಾಡಿದರು. ಸೆಕ್ಷನ್ 5ರ ತಡೆ ಮಾತ್ರ ಹಾಗೇ ಉಳಿಯಿತು. ಕೊಳ್ಳುವವರ ಕೈಯಲ್ಲಿ ದುಡ್ಡಿದೆ, ವಿಧಾನಸೌಧದವರೆಗೂ ಅವರ ಮಾತು ಮುಟ್ಟುತ್ತದೆ. ಬಾಯಿಮಾತಿನ ಮೇಲೆ ಉಳುವವರು ಯಾರು, ಎಷ್ಟು ಮಂದಿ ಎಂಬ ಪಟ್ಟಿಯೇ ಇಲ್ಲದ ಮೇಲೆ ಅವರ ಓಟನ್ನು ಯಾವ ಪಕ್ಷ ಎಣಿಸೀತು?