ಕೆರೆಸೀಮೆಯ ಜ್ವರ, ಕೋಲಾರದ ವೈರಾಣು

ಹೊಯ್ಸಳರ ಕಾಲದಲ್ಲಿ ಕೆರೆ ಕಟ್ಟಿಸುವುದೆಂದರೆ ಗುಡಿ ಕಟ್ಟಿಸಿದಷ್ಟೇ ಪುಣ್ಯ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ. ಇಂದಿನ ಹಳೇಬೀಡು ಆಗ ದೋರಸಮುದ್ರ. ರಾಜಧಾನಿಯೇ ತನ್ನ ಕೆರೆಯ ಹೆಸರು ಹೊತ್ತಿತ್ತು. ಅರಸೀಕೆರೆಯ ಹೆಸರಿನಲ್ಲೂ ಕೆರೆಯೇ ಇದೆ. ತೂಬು ಎತ್ತಿದರೆ ಗದ್ದೆ, ಗದ್ದೆಯಿದ್ದರೆ ಭತ್ತ, ಭತ್ತವಿದ್ದರೆ ದೇವರಿಗೆ ದತ್ತಿ. ಇವನ್ನೆಲ್ಲ ಕಲ್ಲಿನ ಮೇಲೆ ಕೊರೆಸಿದರು. ನಿಂತ ನೀರಿನ ಸೊಳ್ಳೆಯ ಲೆಕ್ಕ ಇಡುವುದು ಶಾಸನಕಾರನ ಕೆಲಸವಾಗಿರಲಿಲ್ಲ.

ಆ ಲೆಕ್ಕ ಬಹಳ ತಡವಾಗಿ ಶುರುವಾಯಿತು. 1920ರ ದಶಕದ ಕೊನೆಗೆ ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆಯಿತು. ಬೇಲೂರಿನ ನೆರೆಯ ಮೂಡಿಗೆರೆಯಲ್ಲೂ ಒಂದಿತ್ತು. ಮಲೆನಾಡಿನ ಚಳಿಜ್ವರದ ಕಾರಣ ವೈರಾಣುವಲ್ಲ, ಪರಾವಲಂಬಿ; ಅದಕ್ಕೆ ಕ್ವಿನೈನ್ ಇತ್ತು, 1953ರ ರಾಷ್ಟ್ರೀಯ ಕಾರ್ಯಕ್ರಮದೊಂದಿಗೆ ಮನೆಮನೆಗೆ ಡಿಡಿಟಿಯೂ ಬಂತು. ಹಗೆ ಯಾರೆಂದು ಗೊತ್ತಿದ್ದ ಕಾಳಗವದು.

ಮಿದುಳು ಜ್ವರದ ವಿಷಯದಲ್ಲಿ ಹಗೆಯ ಗುರುತೇ ಮೊದಲು ಆಗಬೇಕಿತ್ತು. 1952ರಲ್ಲಿ ಪುಣೆಯಲ್ಲಿ ವೈರಾಣು ಸಂಶೋಧನಾ ಕೇಂದ್ರ ಹುಟ್ಟಿತು. ಮುಂದೆ ಅದೇ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. 1955ರಲ್ಲಿ ವೇಲೂರಿನಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಈ ಮಿದುಳು ಜ್ವರ ಪತ್ತೆಯಾಯಿತು; 1973ರಲ್ಲಿ ಬಂಗಾಳದ ಬಾಂಕುರಾದಲ್ಲಿ ಪಿಡುಗಾಯಿತು; ಆ ದಶಕ ಮುಗಿಯುವ ಮೊದಲೇ ಕೋಲಾರ, ಮಂಡ್ಯಗಳಿಗೂ ಬಂತು. ಬೆಳ್ಳಕ್ಕಿಗಳಲ್ಲಿ ಸುತ್ತುವ ವೈರಾಣು ಹಂದಿಗಳಲ್ಲಿ ಹೆಚ್ಚುತ್ತದೆ. ನೀರು ನಿಂತ ಗದ್ದೆಯ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಮಕ್ಕಳಿಗೆ ತಲುಪಿಸುತ್ತದೆ. ಸೋಂಕು ತಗುಲಿದ ಬಹುತೇಕರಿಗೆ ಏನೂ ಆಗುವುದಿಲ್ಲ. ಮಿದುಳಿಗೆ ಏರಿದರೆ ಮಾತ್ರ ನೂರಕ್ಕೆ ಮೂವತ್ತರವರೆಗೆ ಸಾವು. ಉಳಿದವರಲ್ಲೂ ಎಷ್ಟೋ ಮಕ್ಕಳಿಗೆ ಕೈಕಾಲಿನ, ಬುದ್ಧಿಯ, ಮಾತಿನ ಊನ. ಔಷಧವಿಲ್ಲ. ಲಸಿಕೆಯೊಂದೇ ದಾರಿ.

ಇದ್ದ ಲಸಿಕೆಯ ಕಥೆ ಇಷ್ಟೆ: ಇಲಿಮರಿಗಳ ಮಿದುಳಿನಲ್ಲಿ ವೈರಾಣು ಬೆಳೆಸಿ, ಕೊಂದು, ಶುದ್ಧಿ ಮಾಡಿ ಕಸೌಲಿಯಲ್ಲಿ ತಯಾರಿಸುತ್ತಿದ್ದರು. ಮೂರು ಚುಚ್ಚು, ತಯಾರಾಗುತ್ತಿದ್ದುದೂ ಅಲ್ಪ. 2006ರಲ್ಲಿ ದೊಡ್ಡ ಅಭಿಯಾನ ಹೊರಟಾಗ ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳ ಮಕ್ಕಳಿಗೆ ಕೊಟ್ಟದ್ದು ಚೀನಾದಿಂದ ತರಿಸಿದ ಲಸಿಕೆ. ಅಷ್ಟರಲ್ಲಿ ಪುಣೆಯ ಶೀತಪೆಟ್ಟಿಗೆಯಲ್ಲಿ ಕೋಲಾರದ ವೈರಾಣು ಕಾಯುತ್ತಲೇ ಇತ್ತು. 1980ರ ದಶಕದ ಮೊದಲಲ್ಲಿ ಬೇರ್ಪಡಿಸಿದ ಆ ತಳಿಗೆ 821564ಎಕ್ಸ್‌ವೈ ಎಂಬ ಸಂಖ್ಯೆ. ಹೈದರಾಬಾದಿನ ಭಾರತ್ ಬಯೋಟೆಕ್ ಅದನ್ನು ಪಡೆದು, ಇಲಿಯ ಮಿದುಳಿನ ಬದಲು ವೆರೋ ಜೀವಕೋಶಗಳಲ್ಲಿ ಬೆಳೆಸಿ, ನಿಷ್ಕ್ರಿಯಗೊಳಿಸಿ 2013ರ ಅಕ್ಟೋಬರಿನಲ್ಲಿ ಜೆನ್‌ವ್ಯಾಕ್ ಎಂದು ಹೊರತಂದಿತು. ಪಿಡುಗಿನಿಂದ ಲಸಿಕೆಯವರೆಗೆ ಒಂದು ತಲೆಮಾರು. ವಿಜ್ಞಾನ ನಿಧಾನವೆಂದು ಸುಮ್ಮನಾಗುವವರಿದ್ದಾರೆ. ಬಡ ರೈತರ ಮಕ್ಕಳ ರೋಗಕ್ಕೆ ಬಂಡವಾಳವೂ ನಿಧಾನವೇ ಎಂಬುದು ನನ್ನ ಎಣಿಕೆ.

ಚಿಕೂನ್‌ಗುನ್ಯಾ ಇದಕ್ಕೆ ಸಾಕ್ಷಿ. 1963ರಲ್ಲಿ ಕಲ್ಕತ್ತೆಗೆ ಬಂದು, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಕೊನೆಯದಾಗಿ ಹಾವಳಿ ಮಾಡಿ ಅದು ಮರೆಯಾಗಿತ್ತು. ಅಮೆರಿಕದ ಸೇನೆಯ ವಿಜ್ಞಾನಿಗಳು ಥಾಯ್ಲೆಂಡಿನ ತಳಿಯೊಂದನ್ನು ದುರ್ಬಲಗೊಳಿಸಿ ಲಸಿಕೆ ಮಾಡಿದ್ದರು. ಪಡೆದವರಲ್ಲಿ ಕೆಲವರಿಗೆ ತಾತ್ಕಾಲಿಕ ಕೀಲುನೋವು ಬಂತು, ಯೋಜನೆ ಮುಂದೆ ಸಾಗಲಿಲ್ಲ. 2005ರ ಕೊನೆಗೆ ರೋಗ ಮರಳಿತು, ಈ ಸಲ ಆಫ್ರಿಕಾದ ಬೇರೊಂದು ವಂಶದ ರೂಪದಲ್ಲಿ. 2006ರಲ್ಲಿ ದೇಶದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಕರ್ನಾಟಕದವೇ 7.5 ಲಕ್ಷಕ್ಕೂ ಹೆಚ್ಚು. ಗದ್ದೆಯ ಸೊಳ್ಳೆಯಲ್ಲ, ಮನೆಯೊಳಗಿನ ಈಡಿಸ್ ಇದನ್ನು ಹರಡುವುದು. ಅರಸೀಕೆರೆಯ ಕಡೆಯಂಥ ಬಯಲುಸೀಮೆಯಲ್ಲಿ ನಲ್ಲಿ ನೀರು ಬಂದ ದಿನ ಹಂಡೆ, ತೊಟ್ಟಿ, ಡ್ರಮ್ಮು ಎಲ್ಲವನ್ನೂ ತುಂಬಿಕೊಳ್ಳಲೇಬೇಕು; ತೆಂಗಿನ ನಾಡಾದ್ದರಿಂದ ಹಿತ್ತಿಲ ಕರಟಕ್ಕೂ ಕೊರತೆಯಿಲ್ಲ. ಹೊಯ್ಸಳರ ಕೆರೆಯನ್ನು ದೂರಿ ಫಲವಿಲ್ಲ. ಈ ಜ್ವರಕ್ಕೆ ನೀರಿನ ಬರವೇ ತೊಟ್ಟಿಲು.

ಅದೇ ಈಡಿಸ್ ಡೆಂಗಿಯನ್ನೂ ಹೊರುತ್ತದೆ. ಅದರ ಲಸಿಕೆಯ ಹಾದಿ ಇನ್ನೂ ಕಠಿಣ: ವೈರಾಣುವಿಗೆ ನಾಲ್ಕು ಬಗೆ. ಒಂದರ ವಿರುದ್ಧ ಹುಟ್ಟಿದ ರಕ್ಷಣೆ ಇನ್ನೊಂದು ಬಂದಾಗ ರೋಗವನ್ನು ಉಲ್ಬಣಗೊಳಿಸಬಲ್ಲದು. ಡೆಂಗ್‌ವ್ಯಾಕ್ಸಿಯಾ ಎಂಬ ಲಸಿಕೆ ಹಂಚಿದ ಫಿಲಿಪ್ಪೀನ್ಸ್ 2017ರಲ್ಲಿ ಇದೇ ಭಯದಿಂದ ಕಾರ್ಯಕ್ರಮ ನಿಲ್ಲಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಪ್ಯಾನೇಸಿಯ ಬಯೋಟೆಕ್ 2024ರ ಆಗಸ್ಟಿನಲ್ಲಿ ರೋಹ್ಟಕ್‌ನಿಂದ ಆರಂಭಿಸಿದ ಡೆಂಗಿಆಲ್ ಲಸಿಕೆಯ ಮೂರನೇ ಹಂತದ ಪ್ರಯೋಗ ನಾಲ್ಕೂ ಬಗೆಗೆ ಒಂದೇ ಚುಚ್ಚು ಸಾಕೇ ಎಂದು ಪರೀಕ್ಷಿಸಲು ಹೊರಟಿತು. ಹತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಸೇರಿಸಿಕೊಂಡು ಎರಡು ವರ್ಷ ನಿಗಾ ಇಡುವುದು ಅದರ ಯೋಜನೆ.